ಸೇಲಂ ಸೀಮೆಯ ಕುಲುಮೆ: ತಿದಿಯಿಂದ ಪವರ್ ಹ್ಯಾಮರ್‌ವರೆಗೆ

"ಮೇಷ್ಟ್ರೇ, ಸಮ್ಮಟಿಗೆ ಹೊಡೆಯೋಕೆ ಆಳು ಸಿಗ್ತಿಲ್ಲ. ಸಾಲ ಮಾಡಿಯಾದ್ರೂ ಪವರ್ ಹ್ಯಾಮರ್ ತರೋದಾ?"

ನಮ್ಮ ಶಾಲೆಯ ಹತ್ತಿರದ ಕುಲುಮೆಯ ಆಚಾರ್ರು ಕೇಳಿದ ಪ್ರಶ್ನೆ ಇದು. ನಾವು ಯಂತ್ರ ಬಲ್ಲವರಲ್ಲ, ಪಾಠ ಹೇಳುವವರು. ಆದರೂ ನಮ್ಮ ಸೀಮೆಯ ಇತಿಹಾಸದಲ್ಲಿ ಇದಕ್ಕೊಂದು ಉತ್ತರ ಇದೆ ಎಂದು ನಮಗನ್ನಿಸಿತು.

ಇಂದಿನ ಸೇಲಂ, ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳು 1965ಕ್ಕೆ ಮೊದಲು ಒಂದೇ ಸೇಲಂ ಜಿಲ್ಲೆಯಲ್ಲಿದ್ದವು. ಇಲ್ಲಿ ಕಬ್ಬಿಣ ಹೊಸದಲ್ಲ. ಕೃಷ್ಣಗಿರಿ ಜಿಲ್ಲೆಯ ಮಯಿಲಾಡುಂಪಾರೈಯಲ್ಲಿ ಕ್ರಿ.ಪೂ. 2172ರಷ್ಟು ಹಿಂದೆಯೇ ಕಬ್ಬಿಣದ ಬಳಕೆ ಇತ್ತೆಂದು ತಮಿಳುನಾಡು ಸರ್ಕಾರ 2022ರಲ್ಲಿ ಪ್ರಕಟಿಸಿತು. ಸೇಲಂ ಪಕ್ಕದ ಕಂಜಮಲೆಯಂತೂ ಮ್ಯಾಗ್ನಟೈಟ್ ಅದಿರಿಗೆ ಹೆಸರುವಾಸಿ.

ಈ ಸೀಮೆಯವರು ಉಕ್ಕು ಮಾಡುತ್ತಿದ್ದ ರೀತಿಯನ್ನು ಈಸ್ಟ್ ಇಂಡಿಯಾ ಕಂಪನಿಯ ನೌಕರನಾಗಿದ್ದ ಜೋಸಯ್ಯ ಮಾರ್ಷಲ್ ಹೀತ್ ಬರೆದಿಟ್ಟಿದ್ದಾನೆ. ಅಂಗೈಯಷ್ಟು ಮಣ್ಣಿನ ಮೂಸೆ. ಅದರೊಳಗೆ ಸುಮಾರು ಒಂದು ಪೌಂಡು ಕಬ್ಬಿಣ, ಒಣಗಿದ ಆವರಿಕೆ ಕಟ್ಟಿಗೆಯ ಚೂರು, ಮೇಲೆ ಹಸಿರೆಲೆ. ಬಾಯಿಗೆ ಜೇಡಿಮಣ್ಣು ಮೆತ್ತಿ, ಇಪ್ಪತ್ತಕ್ಕೂ ಹೆಚ್ಚು ಮೂಸೆಗಳನ್ನು ಒಲೆಗಿಟ್ಟು, ಆಡಿನ ಚರ್ಮದ ತಿದಿಯಿಂದ ಎರಡೂವರೆ ಗಂಟೆ ಊದಿದರೆ ಉಕ್ಕು ತಯಾರು! ಅದಿರು, ಇದ್ದಿಲು, ಕೆಲಸ ಮೂರೂ ಅಲ್ಲಲ್ಲೇ.

ಅದೇ ಹೀತ್ 1830ರ ಸುಮಾರಿಗೆ ಸರ್ಕಾರದ ಸಾಲ ಪಡೆದು, ಪರಂಗಿಪೇಟೆಯ ಸಮುದ್ರ ತೀರದಲ್ಲಿ ಇಂಗ್ಲೆಂಡಿನ ಮಾದರಿಯ ದೊಡ್ಡ ಕುಲುಮೆ ಹೂಡಿದ. ಅದಿರು ಮಾತ್ರ ಸುಮಾರು 200 ಕಿ.ಮೀ. ದೂರದ ಸೇಲಂನಿಂದಲೇ ಹೋಗಬೇಕು. ಇದ್ದಿಲಿಗೆ ಕಾಡು ಕಡಿಯಬೇಕು. ಕಬ್ಬಿಣ ಒಳ್ಳೆಯದೇ ಆಯಿತು, ಆದರೆ ಲೆಕ್ಕ ಕೂಡಲಿಲ್ಲ. ಕೈ ಬದಲಾಯಿಸಿಯೂ ಕಾರ್ಖಾನೆ 1860ರ ದಶಕದಲ್ಲಿ ನಿಂತೇಹೋಯಿತು. ಯಂತ್ರ ಕೆಟ್ಟದ್ದಾಗಿರಲಿಲ್ಲ. ಅದರ ಹೊಟ್ಟೆಗೆ ಬೇಕಾದ್ದು ಅಲ್ಲಿ ಸಿಗುತ್ತಿರಲಿಲ್ಲ, ಅಷ್ಟೇ.

ಈಗ ಪವರ್ ಹ್ಯಾಮರಿಗೆ ಬರೋಣ. ಸ್ಕಾಟ್ಲೆಂಡಿನ ಜೇಮ್ಸ್ ನಾಸ್ಮಿತ್ 1839ರಲ್ಲಿ ಉಗಿ ಸುತ್ತಿಗೆಯ ಚಿತ್ರ ಬರೆದು 1842ರಲ್ಲಿ ಪೇಟೆಂಟ್ ಪಡೆದ. ಸಣ್ಣ ಕುಲುಮೆಗಳಲ್ಲಿ ಇಂದು ಕಾಣುವ, ಕರೆಂಟ್ ಮೋಟಾರಿನ ಸ್ಪ್ರಿಂಗ್ ಹ್ಯಾಮರ್ ಅದರ ತಮ್ಮನಿದ್ದಂತೆ. ಅದನ್ನು ಕೊಳ್ಳುವಾಗಲೂ ಹೊಟ್ಟೆಯ ಲೆಕ್ಕವೇ ಮುಖ್ಯ. ಕುಡುಗೋಲು, ಮಚ್ಚಿಗೆ ಹಗುರ ಸುತ್ತಿಗೆ ಸಾಕು. ಹಾರೆ, ಗುಳಕ್ಕೆ ಭಾರದ್ದು ಬೇಕು. ಕೆಳಗಿನ ಅಡಿಗಲ್ಲು ಬೀಳುವ ಸುತ್ತಿಗೆಯ 10 ಪಟ್ಟಾದರೂ ತೂಗಬೇಕು, ಇಲ್ಲದಿದ್ದರೆ ಪೆಟ್ಟಿನ ಬಲವೆಲ್ಲ ನೆಲಕ್ಕೆ ಹೋಗುತ್ತದೆ. ಕಾಂಕ್ರೀಟ್ ಬುನಾದಿ ಗೋಡೆಗೆ ತಾಗದಂತೆ ಬೇರೆಯಾಗಿರಬೇಕು, ಇಲ್ಲದಿದ್ದರೆ ಗೋಡೆ ಬಿರುಕು ಬಿಡುತ್ತದೆ. ಇನ್ನೊಂದು ಮಾತು: ಕಬ್ಬಿಣ ಕಾದಾಗಲೇ ಬಡಿಯಬೇಕು. ಯಂತ್ರ ನಿಮಿಷದಲ್ಲಿ ನೂರಾರು ಪೆಟ್ಟು ಹೊಡೆಯುತ್ತದೆ. ಒಲೆ ಅಷ್ಟು ಬೇಗ ಕಬ್ಬಿಣ ಕಾಯಿಸಿಕೊಡದಿದ್ದರೆ ಯಂತ್ರ ಸುಮ್ಮನೆ ನಿಂತಿರುತ್ತದೆ, ಸಾಲದ ಬಡ್ಡಿ ಮಾತ್ರ ನಿಲ್ಲುವುದಿಲ್ಲ.

ಹೀತನ ಕಥೆ ಕೇಳಿದ ಆಚಾರ್ರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಮೊದಲು ಲೆಕ್ಕ ನೋಡೋಣ ಮೇಷ್ಟ್ರೇ" ಎಂದರು. ಒಂದು ತಿಂಗಳು ಎಷ್ಟು ಮಚ್ಚು, ಎಷ್ಟು ಹಾರೆ, ಎಷ್ಟು ಮೂಟೆ ಇದ್ದಿಲು ಎಂದು ಬರೆದಿಡುವ ಕೆಲಸ ಈಗ ನಮ್ಮ ಎಂಟನೇ ತರಗತಿ ಮಕ್ಕಳದ್ದು. ಲೆಕ್ಕ, ವಿಜ್ಞಾನ, ಚರಿತ್ರೆ ಮೂರೂ ಪಾಠ ಒಂದೇ ಕುಲುಮೆಯಲ್ಲಿ ನಡೆಯುತ್ತಿವೆ. ನಿಮ್ಮೂರಿನಲ್ಲೂ ಒಂದು ಕುಲುಮೆ ಉಳಿದಿದ್ದರೆ ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಿ.