ಚಳ್ಳಕೆರೆ, ಮೊಳಕಾಲ್ಮೂರು: ವಿಕಲಚೇತನರ ಪುನರ್ವಸತಿ ಸೇವೆಯಲ್ಲಿ ನೀತಿ ಮತ್ತು ಗುಣಮಟ್ಟ

ಪುನರ್ವಸತಿ ಎಂದೊಡನೆ ನಮ್ಮ ಕಡೆ ಹೆಚ್ಚಿನವರಿಗೆ ನೆನಪಾಗುವುದು ಸಮಾರಂಭ. ಶಾಮಿಯಾನ, ಸಾಲಾಗಿ ನಿಲ್ಲಿಸಿದ ತ್ರಿಚಕ್ರ ವಾಹನಗಳು, ಗಣ್ಯರ ಭಾಷಣ, ಮರುದಿನದ ಪತ್ರಿಕೆಯಲ್ಲಿ ಫೋಟೊ. ವಿಶ್ವಸಂಸ್ಥೆ 2006ರಲ್ಲಿ ಅಂಗೀಕರಿಸಿ ಭಾರತ 2007ರಲ್ಲಿ ಒಪ್ಪಿಕೊಂಡ ವಿಕಲಚೇತನರ ಹಕ್ಕುಗಳ ಒಡಂಬಡಿಕೆಯ 26ನೇ ವಿಧಿ ಹೇಳುವ ಪುನರ್ವಸತಿ ಇದಕ್ಕಿಂತ ಬಹಳ ದೊಡ್ಡದು. ಆರೋಗ್ಯ, ದುಡಿಮೆ, ಶಿಕ್ಷಣ, ಸಾಮಾಜಿಕ ಬದುಕು ಎಲ್ಲವೂ ಅದರಲ್ಲಿ ಬರುತ್ತವೆ. ಸೇವೆ ವ್ಯಕ್ತಿಯ ಅಗತ್ಯ ಮತ್ತು ಶಕ್ತಿಯನ್ನು ಅಳೆದು ಆರಂಭವಾಗಬೇಕು, ಅವರ ಊರಿಗೆ ಹತ್ತಿರವಿರಬೇಕು, ಅವರು ಇಷ್ಟಪಟ್ಟು ಸೇರುವಂತಿರಬೇಕು ಎನ್ನುತ್ತದೆ ಆ ವಿಧಿ. ಎಷ್ಟು ಸಾಧನ ಹಂಚಲಾಯಿತು ಎಂಬ ಲೆಕ್ಕದಿಂದ ಸೇವೆ ಹೀಗಿದೆಯೇ ಎಂಬುದು ಗೊತ್ತಾಗುವುದಿಲ್ಲ.

ನೆಲ, ನೀರು, ದಾರಿ

ಚಿತ್ರದುರ್ಗ ಜಿಲ್ಲೆಯ ಈ ಎರಡು ತಾಲ್ಲೂಕುಗಳು ಆಂಧ್ರದ ಗಡಿಗೆ ತಾಗಿವೆ. ಚಳ್ಳಕೆರೆಯದು ಶೇಂಗಾ, ಎಣ್ಣೆ ಗಿರಣಿ, ಕುರಿ ಮತ್ತು ಕಂಬಳಿಯ ಬದುಕು. ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆಯ ಮಗ್ಗಗಳಿವೆ. ಮಳೆ ಕೈಕೊಟ್ಟ ವರ್ಷ ಜನ ಗುಳೆ ಹೋಗುತ್ತಾರೆ. ನಡೆಯಲಾಗದವರು ವಯಸ್ಸಾದ ತಾಯಿಯ ಜೊತೆ ಹಟ್ಟಿಯಲ್ಲೇ ಉಳಿಯುತ್ತಾರೆ.

ಇಲ್ಲಿನ ಅಂತರ್ಜಲದಲ್ಲಿ ಫ್ಲೋರೈಡ್ ಬಹುಕಾಲದ ಸಮಸ್ಯೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿಯೇ ಇಲ್ಲದಿದ್ದರೆ 1.5ರವರೆಗೆ ಆಗಬಹುದು ಎಂಬುದು ಭಾರತೀಯ ಮಾನಕ. ಅದನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮೊದಲು ಹಲ್ಲು ಕಂದಾಗುತ್ತದೆ. ಮುಂದೆ ಕೀಲು ಬಿಗಿದು ಬೆನ್ನು ಬಾಗುತ್ತದೆ, ಮಕ್ಕಳ ಕಾಲು ಸೊಟ್ಟಗಾಗುತ್ತದೆ. ಅಂಥ ಮಗುವಿಗೆ ಕಾಲಿಗೆ ಕಟ್ಟುವ ಕ್ಯಾಲಿಪರ್ ಕೊಟ್ಟು, ಮನೆಗೆ ಅದೇ ಬೋರ್‌ವೆಲ್ ನೀರು ಬರುತ್ತಿದೆಯೇ ಎಂದು ವಿಚಾರಿಸದಿದ್ದರೆ ಅದು ಅರ್ಧ ಕೆಲಸ. ಊರಿನಲ್ಲಿ ಶುದ್ಧ ನೀರಿನ ಘಟಕ ಇದೆಯೆಂದು ಬರೆದುಕೊಂಡು ಹೋದರೂ ಸಾಲದು. ನಾಣ್ಯ ಹಾಕುವ ಕಿಂಡಿ ಎಷ್ಟು ಎತ್ತರದಲ್ಲಿದೆ, 20 ಲೀಟರ್ ಕ್ಯಾನನ್ನು ಊರುಗೋಲು ಹಿಡಿದವರು ಮನೆಗೆ ಒಯ್ಯುವುದು ಹೇಗೆ ಎಂಬುದನ್ನೂ ನೋಡಬೇಕು.

ದೂರವೂ ಸೇವೆಯ ಗುಣಮಟ್ಟವನ್ನು ನಿರ್ಧರಿಸುತ್ತದೆ. ಜಿಲ್ಲಾ ಆಸ್ಪತ್ರೆ ಇರುವ ಚಿತ್ರದುರ್ಗ ಚಳ್ಳಕೆರೆಗೆ ಸುಮಾರು 30 ಕಿ.ಮೀ., ಮೊಳಕಾಲ್ಮೂರಿಗೆ ಸುಮಾರು 80 ಕಿ.ಮೀ. ವೈದ್ಯರಿಲ್ಲ, ನಾಳೆ ಬನ್ನಿ ಎಂಬ ಒಂದು ಮಾತಿಗೆ ಗಡಿಯಂಚಿನ ಕುಟುಂಬವೊಂದು ಎರಡು ದಿನದ ಕೂಲಿ ಕಳೆದುಕೊಳ್ಳುತ್ತದೆ. ಶೇಂಗಾ ಕೀಳುವ ಹೊತ್ತಿನಲ್ಲಿ ಶಿಬಿರ ಇಟ್ಟು ಜನ ಬರಲಿಲ್ಲ ಎಂದು ದೂರುವುದರಲ್ಲಿ ನ್ಯಾಯವಿಲ್ಲ. ಗಡಿ ಹಳ್ಳಿಗಳ ಹಲವು ಮನೆಗಳಲ್ಲಿ ಮಾತು ತೆಲುಗು. ಅಲ್ಲಿ ಬುದ್ಧಿಮತ್ತೆ ಪರೀಕ್ಷೆಯನ್ನೋ ಮಾತಿನ ತರಬೇತಿಯನ್ನೋ ಕನ್ನಡದಲ್ಲಷ್ಟೇ ಮಾಡಿ ತೀರ್ಮಾನಕ್ಕೆ ಬಂದರೆ ಅದು ಮಗುವಿಗೆ ಮಾಡಿದ ಅನ್ಯಾಯ.

ಕಾನೂನಿನ ಚೌಕಟ್ಟು

1995ರ ವಿಕಲಚೇತನರ ಕಾಯ್ದೆಯಲ್ಲಿ 7 ಬಗೆಯ ವೈಕಲ್ಯಗಳಿದ್ದವು. 2017ರ ಏಪ್ರಿಲ್ 19ರಂದು ಜಾರಿಗೆ ಬಂದ ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಕಾಯ್ದೆ, 2016 ಅವನ್ನು 21ಕ್ಕೆ ಏರಿಸಿತು. ವಿಕಲಚೇತನರಿಗಾಗಿ ಸಂಸ್ಥೆ ನಡೆಸುವವರು ನೋಂದಣಿ ಪ್ರಮಾಣಪತ್ರ ಪಡೆಯಬೇಕು. ನಿಯಮದಂತೆ ಸೌಲಭ್ಯ ಇರದಿದ್ದರೆ ನೋಂದಣಿ ಸಿಗದು, ಸಿಕ್ಕಿದ್ದೂ ರದ್ದಾಗಬಹುದು. ಸಾರ್ವಜನಿಕವಾಗಿ ಅವಮಾನಿಸುವುದು, ಊಟ ನೀರು ಕೊಡದೆ ಸತಾಯಿಸುವುದು, ಸಾಧನಕ್ಕೆ ಬೇಕೆಂದೇ ಹಾನಿ ಮಾಡುವುದು 92ನೇ ಕಲಮಿನಡಿ ಅಪರಾಧ. ಶಿಕ್ಷೆ 6 ತಿಂಗಳಿಂದ 5 ವರ್ಷ.

ಸೇವೆ ಕೊಡುವವರ ಅರ್ಹತೆಗೂ ಕಾಯ್ದೆಯಿದೆ. 1992ರ ಭಾರತೀಯ ಪುನರ್ವಸತಿ ಪರಿಷತ್ತಿನ ಕಾಯ್ದೆಯಂತೆ ವಿಶೇಷ ಶಿಕ್ಷಕರು, ಶ್ರವಣ ತಜ್ಞರು, ಕೃತಕ ಅಂಗ ತಯಾರಕರು ಕೇಂದ್ರ ಪಟ್ಟಿಯಲ್ಲಿ ಹೆಸರು ನೋಂದಾಯಿಸಿರಬೇಕು. ಫಿಸಿಯೊಥೆರಪಿಯವರಿಗೆ 2021ರ ಬೇರೆ ಕಾಯ್ದೆ ಇದೆ. ಕಿವಿಯ ಪರೀಕ್ಷೆಯನ್ನೇ ಮಾಡದೆ ಸಂತೆಯಲ್ಲಿ ಕನ್ನಡಕ ಕೊಟ್ಟಂತೆ ಶ್ರವಣ ಸಾಧನ ಕೊಡುವವರನ್ನು ನೋಂದಣಿ ಸಂಖ್ಯೆ ಕೇಳುವ ಹಕ್ಕು ಪ್ರತಿ ತಂದೆತಾಯಿಗೂ ಇದೆ.

ಒಂದು ಗಾಲಿಕುರ್ಚಿ ಕೊಡುವುದೆಂದರೆ

ಹುಣಸೆ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾದ ಒಬ್ಬ ಯುವಕನಿದ್ದಾನೆ ಎಂದಿಟ್ಟುಕೊಳ್ಳಿ. ಅವನಿಗೆ ಸೊಂಟದ ಕೆಳಗೆ ಸ್ಪರ್ಶಜ್ಞಾನವಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2008ರ ಮಾರ್ಗಸೂಚಿ ಗಾಲಿಕುರ್ಚಿ ಸೇವೆಗೆ 8 ಹಂತಗಳನ್ನು ಹೇಳಿದೆ. ಹೆಸರು ಬರೆದು ಸಮಯ ಕೊಡುವುದು, ಪರೀಕ್ಷಿಸುವುದು, ಯಾವ ಕುರ್ಚಿ ಎಂದು ತೀರ್ಮಾನಿಸುವುದು, ಹಣ ಹೊಂದಿಸಿ ತರಿಸುವುದು, ಜೋಡಿಸುವುದು, ಮೈಗೆ ಹೊಂದಿಸುವುದು, ಬಳಕೆ ಕಲಿಸುವುದು, ರಿಪೇರಿಗೂ ವಿಚಾರಿಸುವುದಕ್ಕೂ ಮತ್ತೆ ಬರುವುದು. ನಮ್ಮಲ್ಲಿ ನಾಲ್ಕು ಹಂತ ಹೇಗೋ ಮುಗಿದು ಉಳಿದವು ಬಿಟ್ಟುಹೋಗುತ್ತವೆ.

ಅಳತೆ ಕಷ್ಟದ ವಿದ್ಯೆಯೇನಲ್ಲ. ಆಸನದ ಅಗಲ ಸೊಂಟದಷ್ಟಿರಬೇಕು. ಆಸನದ ಉದ್ದ ಮೊಣಕಾಲಿನ ಹಿಂಬದಿಗೆ ಎರಡು ಮೂರು ಬೆರಳಷ್ಟು ಹಿಂದೆಯೇ ನಿಲ್ಲಬೇಕು. ಪಾದದ ಹಲಗೆ ತೀರಾ ಎತ್ತರಕ್ಕಿದ್ದರೆ ತೊಡೆ ಮೇಲೆದ್ದು ಮೈಭಾರವೆಲ್ಲ ಪೃಷ್ಠದ ಮೂಳೆಯ ಮೇಲೆ ಬೀಳುತ್ತದೆ. ಮೆತ್ತೆ ಇಲ್ಲದೆ, ಕೈಯೂರಿ ಆಗಾಗ ಮೈ ಎತ್ತುವುದನ್ನು ಯಾರೂ ಹೇಳಿಕೊಡದೆ ಈ ಯುವಕ ದಿನವಿಡೀ ಕೂತರೆ, ಜನ ಬೆಡ್‌ಸೋರ್ ಎನ್ನುವ ಹುಣ್ಣಾಗುತ್ತದೆ. ಅವನಿಗೆ ನೋವೇ ಗೊತ್ತಾಗದು. ಆ ಹುಣ್ಣು ಕೀವಾಗಿ ಮೂಳೆಗೆ ಇಳಿದರೆ ಪ್ರಾಣಕ್ಕೇ ಅಪಾಯ. ಒಳ್ಳೆಯ ಮನಸ್ಸಿನಿಂದ ಕೊಟ್ಟ ಕುರ್ಚಿಯೂ ಹೀಗೆ ಕೊಲ್ಲಬಹುದು ಎಂಬ ಎಚ್ಚರ ಪ್ರತಿ ದಾನಿಗೂ ಇರಬೇಕು.

ನುಣುಪು ನೆಲಕ್ಕೆಂದು ಮಾಡಿದ, ಮುಂದೆ ಪುಟ್ಟ ಗಾಲಿಗಳಿರುವ ಆಸ್ಪತ್ರೆ ಕುರ್ಚಿ ಮೊಳಕಾಲ್ಮೂರಿನ ಕಲ್ಲುದಾರಿಯಲ್ಲಿ ಮುಗ್ಗರಿಸುತ್ತದೆ. ಇಲ್ಲಿಗೆ ಮುಂದಿನ ಗಾಲಿ ದೊಡ್ಡದಿರುವ, ಉದ್ದ ತಳದ ಕುರ್ಚಿ ಬೇಕು. 1981ರಿಂದ ನಡೆದಿರುವ ಸಾಧನ ಸಲಕರಣೆ ಕೊಡುವ ಕೇಂದ್ರದ ಅಡಿಪ್ ಯೋಜನೆಯಲ್ಲಿ ಮೊದಲು ತಪಾಸಣೆ ಶಿಬಿರ, ಆಮೇಲೆ ಬೇರೊಂದು ದಿನ ವಿತರಣೆ. ನಡುವೆ ತಿಂಗಳುಗಳು ಕಳೆಯುವುದುಂಟು. ಅಷ್ಟರಲ್ಲಿ ಬೆಳೆದ ಮಗುವಿಗೆ ಹಳೆಯ ಅಳತೆಯ ಕ್ಯಾಲಿಪರ್ ಹಿಡಿಸುವುದಿಲ್ಲ. ವಿತರಣೆಯ ದಿನವೇ ಮರು ಅಳತೆ ಮಾಡುವುದು ಕನಿಷ್ಠ ಶಿಸ್ತು.

ಯಾರನ್ನು ಕೇಳಬೇಕು?

ತಪಾಸಣೆಯ ಮೇಜಿನ ಮುಂದೆ ಅಕ್ಕ ಕೂತಿರುತ್ತಾಳೆ, ಪ್ರಶ್ನೆ ಮಾತ್ರ ಪಕ್ಕದಲ್ಲಿ ನಿಂತ ತಮ್ಮನಿಗೆ: "ಇವರಿಗೆ ಏನಾಗಿದೆ?" ನೀತಿಭಂಗ ಆರಂಭವಾಗುವುದು ಇಲ್ಲಿಂದಲೇ. ಮಾತು ತೊದಲಿದರೂ, ಸನ್ನೆಯಲ್ಲಾದರೂ, ಮೊದಲು ಕೇಳಬೇಕಾದದ್ದು ಅವಳನ್ನು. ಮಗ್ಗದ ಕೆಳಗಿನ ಹಲಗೆ ತುಳಿಯಲಾಗದಿದ್ದರೂ ಕಂಡಿಕೆ ಸುತ್ತಬಲ್ಲೆ ಎನ್ನುವವಳಿಗೆ ಹೊಲಿಗೆ ಯಂತ್ರವನ್ನೇ ಕೊಡುತ್ತೇವೆ ಎಂದು ಹಟ ಹಿಡಿಯುವುದು ಸೇವೆಯಲ್ಲ.

ಸುಚಿತಾ ಶ್ರೀವಾಸ್ತವ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2009ರಲ್ಲಿ, ಸೌಮ್ಯ ಬುದ್ಧಿಮಾಂದ್ಯವಿದ್ದ ಮಹಿಳೆಯ ಒಪ್ಪಿಗೆ ಇಲ್ಲದೆ ಗರ್ಭಪಾತ ಮಾಡಿಸುವಂತಿಲ್ಲ ಎಂದಿತು. ಸಂಶೋಧನೆಗೆ ಬಳಸಿಕೊಳ್ಳಲು ವ್ಯಕ್ತಿಯ ಸ್ವಂತ ಒಪ್ಪಿಗೆಯ ಜೊತೆಗೆ ಸಮಿತಿಯೊಂದರ ಅನುಮತಿಯೂ ಬೇಕೆಂದು 2016ರ ಕಾಯ್ದೆ ಹೇಳುತ್ತದೆ. ಫೋಟೊಗೂ ಇದೇ ಅಳತೆ ಇರಬೇಕು. ಫೋಟೊ ಒಲ್ಲೆ ಎಂದವರಿಗೂ ಸಾಧನ ಸಿಗಬೇಕು.

ಒಪ್ಪಿಗೆಯಿಲ್ಲದೆ ಕಟ್ಟಿಹಾಕುವುದು ಇನ್ನೂ ಘೋರ. ತಮಿಳುನಾಡಿನ ಏರ್ವಾಡಿಯಲ್ಲಿ 2001ರ ಆಗಸ್ಟ್ 6ರಂದು ಬೆಂಕಿಗೆ ಬಲಿಯಾದ 28 ಮನೋರೋಗಿಗಳನ್ನು ಸರಪಳಿಯಲ್ಲಿ ಕಟ್ಟಿಹಾಕಲಾಗಿತ್ತು. ಈಗ 2017ರ ಮಾನಸಿಕ ಆರೋಗ್ಯ ಕಾಯ್ದೆ ಸರಪಳಿಯನ್ನು ಯಾವ ರೂಪದಲ್ಲೂ ಒಪ್ಪುವುದಿಲ್ಲ. ಮಗನನ್ನು ಕಟ್ಟಿಹಾಕಿದ ಮನೆಗೆ ಹೋದಾಗ ತಾಯಿಯನ್ನು ಗದರಿಸುವ ಮೊದಲು ಮಾತ್ರೆ ತಲುಪಿದೆಯೇ ಎಂದು ನೋಡಬೇಕು.

ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು

ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿಗೊಬ್ಬರು ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು (ವಿ.ಆರ್.ಡಬ್ಲ್ಯು), ತಾಲ್ಲೂಕಿಗೊಬ್ಬರು ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು (ಎಂ.ಆರ್.ಡಬ್ಲ್ಯು) ಇದ್ದಾರೆ. ಇವರೂ ವಿಕಲಚೇತನರೇ, ಗೌರವಧನಕ್ಕೆ ದುಡಿಯುವವರು. ಸಮೀಕ್ಷೆ, ವೈಕಲ್ಯದ ಗುರುತಿನ ಯುಡಿಐಡಿ ಕಾರ್ಡ್, ಮಾಸಾಶನದ ಅರ್ಜಿ ಎಲ್ಲದಕ್ಕೂ ಊರಿನವರು ಕರೆಯುವುದು ಇವರನ್ನೇ. ಯಾರ ಮನೆಯಲ್ಲಿ ಯಾವ ಕಾಯಿಲೆ ಎಂಬುದು ಇವರಿಗೆ ಗೊತ್ತು. ಒಂದು ಹಟ್ಟಿಯಲ್ಲಿ ಮದುವೆ ಸಂಬಂಧ ಮುರಿಯಲು ಒಂದು ಮಾತು ಸಾಕು, ಆದ್ದರಿಂದ ಗುಟ್ಟು ಕಾಯುವುದು ಇವರ ಮೊದಲ ಕರ್ತವ್ಯ. ವೈಕಲ್ಯದ ಶೇಕಡಾವಾರು ಹೆಚ್ಚು ಮಾಡಿಸಿಕೊಡುತ್ತೇನೆಂದು ಹಣ ಕೇಳುವ ಮಧ್ಯವರ್ತಿಗಳಿಂದ ಜನರನ್ನು ದೂರವಿಡುವುದೂ ಇವರ ಕೆಲಸ. ಪಂಚಾಯಿತಿಗಳು ಸ್ವಂತ ಆದಾಯದ ಶೇ. 5ನ್ನು ವಿಕಲಚೇತನರಿಗೆ ಮೀಸಲಿಡಬೇಕು. ಅದನ್ನು ಯಾವುದಕ್ಕೆ ಖರ್ಚು ಮಾಡಬೇಕೆಂದು ವಿಕಲಚೇತನರ ವಿಶೇಷ ಗ್ರಾಮಸಭೆಯಲ್ಲೇ ಕೇಳಬೇಕು.

ದೂರು ಕೊಡುವುದು ಎಲ್ಲಿ?

ಹಿಂಸೆ, ದುರ್ಬಳಕೆ ನಡೆದರೆ 2016ರ ಕಾಯ್ದೆಯ 7ನೇ ಕಲಮಿನಂತೆ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಗೆ, ಅಂದರೆ ತಾಲ್ಲೂಕಿನಲ್ಲಿ ತಹಶೀಲ್ದಾರರಿಗೆ, ಯಾರು ಬೇಕಾದರೂ ತಿಳಿಸಬಹುದು. ನೊಂದವರೇ ಹೋಗಬೇಕೆಂದಿಲ್ಲ. ಸೇವೆ ಸಿಗದಿದ್ದರೆ ಅಥವಾ ಹಕ್ಕಿಗೆ ಚ್ಯುತಿಯಾದರೆ ವಿಕಲಚೇತನರ ಕಾಯ್ದೆಯ ರಾಜ್ಯ ಆಯುಕ್ತರಿಗೆ ಬರೆಯಬೇಕು. ಸಾಧನ ಕೊಟ್ಟ ದಿನಾಂಕ, ಕೊಟ್ಟವರ ವಿವರ, ರಸೀದಿಯ ಪ್ರತಿ ಜೊತೆಗಿದ್ದರೆ ದೂರಿಗೆ ಬಲ. ಆಯುಕ್ತರು ಶಿಫಾರಸು ಮಾಡಿದರೆ ಸಂಬಂಧಪಟ್ಟ ಇಲಾಖೆ ಮೂರು ತಿಂಗಳೊಳಗೆ ಕ್ರಮ ಕೈಗೊಂಡು ತಿಳಿಸಬೇಕು. ಶಿಫಾರಸನ್ನು ಒಪ್ಪದಿದ್ದರೆ ಅದರ ಕಾರಣವನ್ನು ಆಯುಕ್ತರಿಗೂ ದೂರು ಕೊಟ್ಟವರಿಗೂ ತಿಳಿಸಬೇಕು.