ಲಾವಾದ ಅಡಿಯ ಹಿಮಯುಗ

ಖಟಕ ಚಿಂಚೋಳಿಯ ಸುತ್ತಲಿನ ಭಾಲ್ಕಿ ಸೀಮೆಯಲ್ಲಿ ಹಿಮನದಿಯ ಗುರುತು ಹುಡುಕಿದರೆ ಸಿಗದು. ಇಲ್ಲಿರುವುದು ಕರಿಕಲ್ಲು, ಅದು ಸವೆದಾದ ಎರೆಮಣ್ಣು. ಬೀದರ ಕೋಟೆಯ ಕಡೆ ಕೆಂಪು ಜಂಬಿಟ್ಟಿಗೆ. ಹಾಗೆಂದು ಈ ಭಾಗಕ್ಕೂ ಹಿಮಕ್ಕೂ ಸಂಬಂಧವೇ ಇಲ್ಲವೆನ್ನುವುದು ಅವಸರದ ತೀರ್ಮಾನ. ಕರಿಕಲ್ಲು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ. ಭಾರತದ ಮೇಲೆ ಹಿಮ ಹರಡಿದ್ದು ಸುಮಾರು 30 ಕೋಟಿ ವರ್ಷಗಳ ಹಿಂದೆ. ಲಾವಾ ಅಷ್ಟು ಹಳೆಯ ಸಂಗತಿಗೆ ಸಾಕ್ಷಿ ಹೇಳಲಾರದು, ಅಲ್ಲಗಳೆಯಲೂ ಆರದು.

ಸಾಕ್ಷಿ ಇರುವುದು ಮಾಂಜರಾ ನದಿ ಹೋಗಿ ಸೇರುವ ಗೋದಾವರಿಯ ಸೀಮೆಯಲ್ಲಿ. ಒಡಿಶಾದ ತಾಲ್ಚೇರಿನ ಗುಂಡುಕಲ್ಲಿನ ಪದರಗಳನ್ನು 1856ರಲ್ಲಿ ಭೂವಿಜ್ಞಾನಿಗಳಾದ ಬ್ಲಾನ್‌ಫೋರ್ಡ್ ಸಹೋದರರು ಮತ್ತು ಥಿಯೋಬಾಲ್ಡ್ ಹಿಮದ ಕೆಲಸವೆಂದು ಗುರುತಿಸಿದರು. ಅದೇ ಬಗೆಯ ಪದರಗಳು ಪ್ರಾಣಹಿತಾ–ಗೋದಾವರಿ ಕಣಿವೆಯಲ್ಲೂ ಇವೆ. ನೆರೆಯೂ ಗುಂಡುಕಲ್ಲು ಹೊರುತ್ತದಲ್ಲ ಎನ್ನಬಹುದು. ಹೊರುತ್ತದೆ ನಿಜ, ಆದರೆ ನೀರು ಕಲ್ಲನ್ನು ದುಂಡಾಗಿಸುತ್ತದೆಯೇ ಹೊರತು ಅಡಿಬಂಡೆಯ ಮೇಲೆ ಸಾಲುಸಾಲಾಗಿ ಗೀರು ಎಳೆಯುವುದಿಲ್ಲ. ಅಂಥ ಗೀರುಗಳು ಚಂದ್ರಪುರದ ಬಳಿಯ ಇರಾಯಿಯಲ್ಲಿವೆ. ಈ ಸುಡುನೆಲದಲ್ಲಿ ಹಿಮವೆಲ್ಲಿಂದ ಬಂತೆಂಬ ಪ್ರಶ್ನೆಗೆ ಉತ್ತರ, ನೆಲವೇ ಆಗ ಇಲ್ಲಿರಲಿಲ್ಲ. ಗೊಂಡ್ವಾನಾ ಖಂಡದ ಭಾಗವಾಗಿ ಭಾರತ ದಕ್ಷಿಣ ಧ್ರುವದ ಸಮೀಪವಿತ್ತು.

ಸುಮಾರು 20,000 ವರ್ಷಗಳ ಹಿಂದಿನ ಕೊನೆಯ ಹಿಮಯುಗದಲ್ಲೂ ದಖನ್ನಿನಲ್ಲಿ ಹಿಮನದಿ ಇರಲಿಲ್ಲ. ಆದರೂ ಸಮುದ್ರ ಸುಮಾರು 120 ಮೀಟರ್ ಇಳಿದಿತ್ತು, ಮುಂಗಾರು ಬಡವಾಗಿತ್ತು. ಹಿಮ ಬೀಳದ ಊರಿಗೂ ಹಿಮಯುಗ ಮಳೆಯ ಕೊರತೆಯಾಗಿ ಬರುತ್ತದೆ.