ಗಡಿಗುಂಟ ಹೋಗುವ ಬೆಳಕು

ಇಳಕಲ್ಲಿನಲ್ಲಿ ಭೌತಶಾಸ್ತ್ರ ಕಲಿಸುವಾಗ ನನ್ನ ಜೇಬಿನಲ್ಲಿ ಒಂದು ಪೋಲರಾಯ್ಡ್ ಹಾಳೆ ಇದ್ದೇ ಇರುತ್ತಿತ್ತು. ಕ್ಯಾಲ್ಕುಲೇಟರ್ ಮೇಲಿಟ್ಟು ಕಾಲು ಸುತ್ತು ತಿರುಗಿಸಿದರೆ ಪರದೆ ಕಪ್ಪಾಗಿ ಅಂಕಿಗಳೆಲ್ಲ ಮಾಯ. “ಇದು ಜಪಾನಿನವ್ರ ವಿದ್ಯಾ ಏನ್ರಿ ಸರ್?” ಎಂದು ಹುಡುಗರು ಕೇಳೋರು. “ಮೈಸೂರಿನ ಪಾಲೂ ಇದರಾಗ ಐತೋ ತಮ್ಮಾ” ಎನ್ನುತ್ತಿದ್ದೆ.

ಆ ಪಾಲು ಸಣ್ಣದಲ್ಲ. 1961ರಲ್ಲಿ ಎಸ್. ಚಂದ್ರಶೇಖರ್ ಮೈಸೂರು ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗಕ್ಕೆ ಬಂದರು. ಸಿ.ವಿ. ರಾಮನ್ನರ ತಂಗಿಯ ಮಗ. ನಕ್ಷತ್ರಗಳನ್ನು ಅಭ್ಯಾಸ ಮಾಡಿ ನೊಬೆಲ್ ಪಡೆದ ಚಂದ್ರಶೇಖರ್ ಬೇರೆ. ಇವರು ಹಿಡಿದದ್ದು ಆ ಕ್ಯಾಲ್ಕುಲೇಟರ್ ಪರದೆಯೊಳಗಿರುವ ದ್ರವಸ್ಫಟಿಕವನ್ನು: 1888ರಲ್ಲಿ ಆಸ್ಟ್ರಿಯಾದ ರೈನಿಟ್ಸರ್ ಕಂಡಿದ್ದ, ನೀರಿನಂತೆ ಹರಿದರೂ ಹರಳಿನಂತೆ ಬೆಳಕನ್ನು ಎರಡಾಗಿ ಸೀಳುವ ವಸ್ತು.

ಬಟ್ಟೆಯಿಂದ ಒಂದೇ ದಿಕ್ಕಿಗೆ ಉಜ್ಜಿದ ಗಾಜಿನ ಮೇಲೆ ಇದರ ಉದ್ದನೆಯ ಅಣುಗಳು ಮಗ್ಗದ ಹಾಸಿನ ಎಳೆಗಳ ಹಾಗೆ ಸಾಲಾಗಿ ಮಲಗುತ್ತವೆ. ಎಳೆಯಗುಂಟ ಕಂಪಿಸುವ ಬೆಳಕಿಗೆ ವಕ್ರೀಭವನಾಂಕ ಸುಮಾರು 1.7, ಅಡ್ಡ ಕಂಪಿಸುವುದಕ್ಕೆ 1.5. ದ್ರವಸ್ಫಟಿಕದ ಗಡಿಯ ಆಚೆಗಿನ ವಸ್ತುವಿನ ಅಂಕ ಇವೆರಡರ ನಡುವೆ ಬಿದ್ದರೆ, ಕೆಲವೇ ದಿಕ್ಕುಗಳಲ್ಲಿ ಬೆಳಕು ಆಚೆಗೂ ಹೋಗದೆ ಈಚೆಗೂ ಇಳಿಯದೆ ಗಡಿಗುಂಟವೇ ಸಾಗಬಲ್ಲದು. ಇಂಥ ಎರಡಂಕದ ಹರಳುಗಳ ಬಗ್ಗೆ ಈ ಮಾತನ್ನು ಲೆಕ್ಕ ಮಾಡಿ ಹೇಳಿದವರು ಭೌತವಿಜ್ಞಾನಿ ದ್ಯಾಕೊನೊವ್, 1988ರಲ್ಲಿ. ಪ್ರಯೋಗದಲ್ಲಿ ಅದು ಕಂಡದ್ದು 2009ರಲ್ಲಿ.

ದ್ಯಾಕೊನೊವ್ ಲೆಕ್ಕಕ್ಕೂ 20 ವರ್ಷ ಮೊದಲು ಮೈಸೂರಿನಲ್ಲಿ ಬೇರೊಂದು ಲೆಕ್ಕ ನಡೆದಿತ್ತು. ಕೆಲವು ದ್ರವಸ್ಫಟಿಕಗಳಲ್ಲಿ ಅಣುಗಳ ಸಾಲು ಪದರದಿಂದ ಪದರಕ್ಕೆ ತುಸು ತಿರುಚಿಕೊಳ್ಳುತ್ತದೆ. ತಿರುಚಿನ ಅಳತೆಗೆ ಹೊಂದುವ ಬಣ್ಣವಷ್ಟೇ ಹೊಳೆಯುತ್ತದೆ. ಪದರಗಳನ್ನು ದಾಟುವ ಬೆಳಕು ಹೇಗೆ ತಿರುಗುತ್ತದೆ ಎಂಬುದನ್ನು ಚಂದ್ರಶೇಖರ್ ಮತ್ತು ಕೆ.ಎನ್. ಶ್ರೀನಿವಾಸರಾವ್ 1968ರಲ್ಲಿ ಬಿಡಿಸಿ ತೋರಿಸಿದರು.

1971ರಲ್ಲಿ ಚಂದ್ರಶೇಖರ್ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ಹೋದರು. 1977ರಲ್ಲಿ ಬಿ.ಕೆ. ಸದಾಶಿವ, ಕೆ.ಎ. ಸುರೇಶ್ ಜೊತೆ ಅವರು ಬಿಲ್ಲೆಯಾಕಾರದ ಅಣುಗಳಿಂದಲೂ ದ್ರವಸ್ಫಟಿಕ ಆಗುತ್ತದೆಂದು ತೋರಿಸಿದರು. ಅಲ್ಲಿಯವರೆಗೆ ಕಡ್ಡಿಯಾಕಾರದ ಅಣುಗಳಷ್ಟೇ ಗೊತ್ತಿದ್ದವು. ಆ ಲೇಖನ ಅಚ್ಚಾದದ್ದು ನಮ್ಮದೇ ‘ಪ್ರಮಾಣ’ ಪತ್ರಿಕೆಯಲ್ಲಿ. ಮುಂದೆ ಜಪಾನಿನ ಫ್ಯೂಜಿ ಕಂಪನಿ ಬಿಲ್ಲೆಯಣುಗಳ ಪೊರೆ ಮಾಡಿ, ಓರೆಯಿಂದ ನೋಡಿದರೂ ಪರದೆಯ ಚಿತ್ರ ಸ್ಪಷ್ಟವಾಗಿ ಕಾಣುವಂತೆ ಮಾಡಿತು. ಹುಡುಗರ ಪ್ರಶ್ನೆಗೆ ಪೂರ್ತಿ ಉತ್ತರ ಇದು.

ನಿವೃತ್ತರಾದ ಮೇಲೆ, 1991ರಲ್ಲಿ, ಚಂದ್ರಶೇಖರ್ ಬೆಂಗಳೂರಿನ ಜಾಲಹಳ್ಳಿಯಲ್ಲಿ ದ್ರವಸ್ಫಟಿಕಕ್ಕೆಂದೇ ಸಂಶೋಧನಾ ಕೇಂದ್ರ ಕಟ್ಟಿದರು, 2004ರಲ್ಲಿ ತೀರಿಕೊಂಡರು. ಕೇಂದ್ರ ಈಗ ಬೇರೆ ಹೆಸರಿನಿಂದ ಬೆಂಗಳೂರಿನಲ್ಲೇ ನಡೆದಿದೆ. ಬಾದಾಮಿ, ಹುನಗುಂದ, ಬಾಗಲಕೋಟೆಯ ಬಿಎಸ್ಸಿ ಮಕ್ಕಳಿಗೆ ನಾನು ಹೇಳುವುದಿಷ್ಟು: ಈ ವಿದ್ಯೆ ಕಲಿಯಲು ಪರದೇಶಕ್ಕೇ ಹೋಗಬೇಕಿಲ್ಲ, ರಾತ್ರಿ ಬಸ್ ಹತ್ತಿದರೆ ಸಾಕು.